ನಿರಪೇಕ್ಷ ತಾಪದ ಎರಡು ಮಾನಗಳು



ವೈಶಾಖದ ಒಂದು ಮಧ್ಯಾಹ್ನ ರಾಯಚೂರಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ತಾಪವಿದ್ದು, ಅದೇ ಗಳಿಗೆಯಲ್ಲಿ ಮಡಿಕೇರಿಯಲ್ಲಿ 20 ಡಿಗ್ರಿ ಮಾತ್ರ ಇದೆಯೆಂದು ಭಾವಿಸೋಣ. 40 ಎಂಬುದು 20ರ ಇಮ್ಮಡಿಯಾದುದರಿಂದ ರಾಯಚೂರು ಮಡಿಕೇರಿಯ ಎರಡರಷ್ಟು ಬಿಸಿಯಾಗಿದೆಯೆಂದು ಶಾಲಾಬಾಲಕನೊಬ್ಬನು ಹೇಳಿದರೆ ಅವನ ಗಣಿತದಲ್ಲಿ ಮೇಲ್ನೋಟಕ್ಕೆ ದೋಷವೇನೂ ಕಾಣುವುದಿಲ್ಲ. ಆದರೆ ಅವನ ಪಕ್ಕದಲ್ಲಿ ಕುಳಿತ ಮತ್ತೊಬ್ಬ ಬಾಲಕನು ಅವೇ ತಾಪಗಳನ್ನು ಫ್ಯಾರನ್‌ಹೀಟ್ ಮಾನದಲ್ಲಿ ಬರೆದುಕೊಂಡಿದ್ದ ಪಕ್ಷದಲ್ಲಿ ಅವನ ಪುಸ್ತಕದಲ್ಲಿ 104 ಮತ್ತು 68 ಎಂಬ ಅಂಕಿಗಳಿರುವುವು. ಅವನ ಲೆಕ್ಕದಂತೆ ರಾಯಚೂರಿನ ಬಿಸಿ ಮಡಿಕೇರಿಯದರ ಸುಮಾರು ಒಂದೂವರೆಯಷ್ಟಾಗುವುದು. ಊರುಗಳು ಅವೇ, ಬಿಸಿಲು ಅದೇ, ಗಾಳಿಯೂ ಅದೇ. ಹೀಗಿದ್ದೂ ಎರಡು ಪುಸ್ತಕಗಳಲ್ಲಿ ಎರಡು ಉತ್ತರಗಳು ಬಂದಿವೆ. ಬಾಲಕರಿಬ್ಬರೂ ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದಾರೆ. ಭಾಗಿಸಬಾರದ ಅಂಕಿಗಳನ್ನು ಭಾಗಿಸಿದ್ದಾರೆ, ಅಷ್ಟೆ. ಭಾಗಿಸಬಹುದಾದ ಅಂಕಿಗಳು ಯಾವುವು, ಅವು ಹೇಗೆ ದೊರೆತವು, ಒಂದು ಮಾನದಿಂದ ಇನ್ನೊಂದಕ್ಕೆ ಅವುಗಳನ್ನು ಕೊಂಡೊಯ್ಯುವ ಬಗೆ ಏನು ಎಂಬುದೇ ಈ ದಿನದ ನನ್ನ ಭಾಷಣದ ವಿಷಯ.

ನಮಗೆ ಬಳಕೆಯಲ್ಲಿರುವ ಎರಡು ತಾಪಮಾನಗಳ ಸೊನ್ನೆಗಳು ಎಲ್ಲಿಂದ ಬಂದವೆಂಬುದನ್ನು ಮೊದಲು ನೋಡೋಣ. ಡಾನ್‌ಜಿಗ್ ಪಟ್ಟಣದಲ್ಲಿ ಹುಟ್ಟಿ ಹಾಲೆಂಡಿನಲ್ಲಿ ನೆಲಸಿ ಗಾಜಿನ ಉಪಕರಣಗಳನ್ನು ಮಾಡುತ್ತಿದ್ದ ಡೇನಿಯಲ್ ಫ್ಯಾರನ್‌ಹೀಟನು 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ ಲೇಖನದಲ್ಲಿ, ಮಂಜುಗಡ್ಡೆ, ನೀರು ಮತ್ತು ನವಸಾಗರಗಳ ಮಿಶ್ರಣದ ತಣ್ಪನ್ನು ಸೊನ್ನೆಯೆಂದೂ, ಬರಿಯ ನೀರು ಮತ್ತು ಮಂಜುಗಡ್ಡೆಗಳ ಮಿಶ್ರಣವನ್ನು 32 ಎಂದೂ, ಆರೋಗ್ಯವಂತನ ದೇಹದ ಬಿಸಿಯನ್ನು 96 ಎಂದೂ ಗೊತ್ತುಮಾಡಿದನು. ಸ್ವೀಡನ್ನಿನ ಉಪ್ಸಾಲದ ಖಗೋಲವಿಜ್ಞಾನಿ ಆಂಡರ್ಸ್ ಸೆಲ್ಸಿಯಸನು 1742ರಲ್ಲಿ ನೀರಿನ ಎರಡು ಸ್ಥಿತಿಗಳ ನಡುವಣ ಅಂತರವನ್ನು ನೂರು ಪಾಲು ಮಾಡಿದನು. ಆತನು ಕುದಿಯುವ ನೀರಿಗೆ ಸೊನ್ನೆಯನ್ನೂ ಕರಗುವ ಮಂಜಿಗೆ ನೂರನ್ನೂ ಕೊಟ್ಟಿದ್ದನೆಂಬುದನ್ನು ಕೇಳಿದರೆ ಇಂದಿನವರಿಗೆ ವಿಸ್ಮಯವಾದೀತು. ಅನತಿಕಾಲದಲ್ಲಿಯೇ ಉತ್ತರಾಧಿಕಾರಿಗಳು ಆ ಮಾನವನ್ನು ತಲೆಕೆಳಗು ಮಾಡಿ ಈಗಿನ ರೂಪಕ್ಕೆ ತಂದರು. ಸೊನ್ನೆಯನ್ನೇ ಹೀಗೆ ಮೇಲಿನಿಂದ ಕೆಳಕ್ಕೆ ಒಯ್ದರೂ ಪ್ರಕೃತಿಯ ಯಾವ ನಿಯಮಕ್ಕೂ ಭಂಗ ಬರಲಿಲ್ಲವೆಂದ ಮೇಲೆ, ಆ ಸೊನ್ನೆಯು ಮನುಷ್ಯನ ಅನುಕೂಲಕ್ಕಾಗಿ ಹಾಕಿಕೊಂಡ ಗುರುತೇ ಹೊರತು ತಾಪದ ಅಭಾವವಲ್ಲವೆಂಬುದು ಸ್ಪಷ್ಟ.

ದೇವಾಲಯದ ಮುಂದಣ ಆಳವಾದ ಕಲ್ಯಾಣಿಯೊಂದನ್ನು ನೆನೆಯಿರಿ. ತಳ ಕಾಣದಷ್ಟು ನೀರು ತುಂಬಿರುವಾಗ ಒಬ್ಬನು ಮೇಲಿನ ಒಂದು ಸೋಪಾನವನ್ನು ಸೊನ್ನೆಯೆಂದಿಟ್ಟುಕೊಂಡು ಮೊಳದಲ್ಲಿ ಎತ್ತರವನ್ನಳೆಯುತ್ತಾನೆ. ಮತ್ತೊಬ್ಬನು ಅದಕ್ಕಿಂತ ಕೆಳಗಣ ಬೇರೊಂದು ಸೋಪಾನದಿಂದ ಹೊರಟು ಅಡಿಗಳಲ್ಲಿ ಅಳೆಯುತ್ತಾನೆ. ಒಬ್ಬನ ಅಂಕಿಯನ್ನು ಮತ್ತೊಬ್ಬನದಕ್ಕೆ ಪರಿವರ್ತಿಸಬೇಕಾದರೆ ಎರಡು ಕೆಲಸಗಳಾಗಬೇಕು: ಅಳತೆಗೋಲಿನ ಉದ್ದದ ವ್ಯತ್ಯಾಸಕ್ಕಾಗಿ ಗುಣಿಸಬೇಕು, ಹೊರಟ ಸೋಪಾನದ ವ್ಯತ್ಯಾಸಕ್ಕಾಗಿ ಕೂಡಿಸಬೇಕು. ಸೆಲ್ಸಿಯಸ್ ಅಂಕಿಯನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಅನಂತರ 32ನ್ನು ಕೂಡಿಸಿದರೆ ಫ್ಯಾರನ್‌ಹೀಟ್ ಅಂಕಿ ಬರುವುದೆಂದು ನಾವೆಲ್ಲರೂ ಶಾಲೆಯಲ್ಲಿ ಕಂಠಪಾಠ ಮಾಡಿದ ಸೂತ್ರದಲ್ಲಿ ಒಂಬತ್ತು ಐದುಗಳು ಅಳತೆಗೋಲುಗಳ ಪ್ರಮಾಣ. 32 ಎಂಬುದು ಸೋಪಾನಗಳ ಅಂತರ. ನೀರು ಇಂಗಿ ಕಲ್ಯಾಣಿಯ ತಳದ ಹಾಸುಗಲ್ಲೇ ಕಂಡಿತಾದರೆ, ಇಬ್ಬರೂ ಅಲ್ಲಿಂದಲೇ ಅಳೆಯತೊಡಗಿದರೆ, ಕೂಡಿಸುವ ಕೆಲಸವು ತಾನಾಗಿಯೇ ತಪ್ಪಿ ಗುಣಾಕಾರವೊಂದೇ ಉಳಿಯುವುದು. ನಿರಪೇಕ್ಷ ತಾಪಮಾನಗಳಲ್ಲಿ ನಡೆದಿರುವುದು ಇದೇ.

ತಾಪಕ್ಕೂ ಒಂದು ತಳವಿದೆಯೆಂಬ ಸುಳಿವನ್ನು ಮೊದಲು ಕೊಟ್ಟದ್ದು ಗಾಳಿ. ಎಳೆಯ ವಯಸ್ಸಿನಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದ ಪ್ಯಾರಿಸ್ಸಿನ ಗಿಯೋಮ್ ಆಮೊಂತೊಂ ಎಂಬಾತನು ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಗಾಜಿನ ಬುರುಡೆಯಲ್ಲಿ ಸೆರೆಹಿಡಿದ ಗಾಳಿಯ ಒತ್ತಡವು ತಂಪಾದಂತೆಲ್ಲ ಕ್ರಮವಾಗಿ ಕುಗ್ಗುವುದನ್ನು ಕಂಡು, ಒತ್ತಡವೇ ಇಲ್ಲವಾಗುವ ಒಂದು ಪರಮಶೈತ್ಯವು ಇರಲೇಬೇಕೆಂದು ಊಹಿಸಿದನು. ಆತನ ಅಂಕಿಗಳಿಂದ ಲೆಕ್ಕ ಹಾಕಿದರೆ ಆ ಸ್ಥಾನವು ಇಂದಿನ ಸೆಲ್ಸಿಯಸ್ ಮಾನದಲ್ಲಿ ಸೊನ್ನೆಗಿಂತ ಸುಮಾರು 240 ಡಿಗ್ರಿ ಕೆಳಗೆ ಬರುತ್ತದೆ. ಆ ಕಾಲದ ಉಪಕರಣಗಳನ್ನು ಗಮನಿಸಿದರೆ ಇದು ಅಸಾಧಾರಣವಾದ ಸಾಮೀಪ್ಯ. ಮುಂದೆ ಗೇ-ಲ್ಯೂಸಾಕನೂ ಆ ಬಳಿಕ ರೆನ್ಯೋನೂ ಅನಿಲಗಳ ವಿಸ್ತರಣವನ್ನು ಸೂಕ್ಷ್ಮವಾಗಿ ಅಳೆದರು. ಸೊನ್ನೆ ಡಿಗ್ರಿಯಲ್ಲಿರುವ ಅನಿಲವು ಒಂದೊಂದು ಡಿಗ್ರಿ ತಣಿದಂತೆಲ್ಲ ತನ್ನ ಗಾತ್ರದ ಸುಮಾರು 273ನೆಯ ಒಂದು ಭಾಗದಷ್ಟು ಕುಗ್ಗುವುದೆಂದು ನಿಶ್ಚಯವಾಯಿತು. ಹಾಗಾದರೆ 273 ಡಿಗ್ರಿ ಕೆಳಗೆ ಏನುಳಿಯುವುದು ಎಂಬ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ. ನಿಜವಾದ ಅನಿಲಗಳೆಲ್ಲವೂ ಅಷ್ಟು ದೂರ ಹೋಗುವ ಮೊದಲೇ ದ್ರವವಾಗಿಬಿಡುವುವು. ಗಾಳಿಯ ಸಾಕ್ಷ್ಯವು ತಳದ ದಿಕ್ಕನ್ನು ತೋರಿಸಿತೇ ಹೊರತು ತಳವನ್ನು ಮುಟ್ಟಿಸಲಿಲ್ಲ.

ಇಲ್ಲಿ ರಂಗಕ್ಕೆ ಬರುವವನು ವಿಲಿಯಂ ಥಾಮ್ಸನ್. ಬೆಲ್‌ಫಾಸ್ಟಿನಲ್ಲಿ 1824ರಲ್ಲಿ ಹುಟ್ಟಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಈತನು ಅದಕ್ಕೂ ಮುನ್ನ ಪ್ಯಾರಿಸ್ಸಿನಲ್ಲಿ ರೆನ್ಯೋನ ಪ್ರಯೋಗಶಾಲೆಯಲ್ಲಿ ಕೈಕೆಲಸವನ್ನು ಕಲಿತಿದ್ದನು. ಫ್ರೆಂಚ್ ತರುಣ ಸಾದಿ ಕಾರ್ನೋ ಉಗಿಯಂತ್ರದ ಶಕ್ತಿಯನ್ನು ಕುರಿತು 1824ರಲ್ಲಿ ಬರೆದಿದ್ದ ಗ್ರಂಥಕ್ಕಾಗಿ ಥಾಮ್ಸನನು ಪ್ಯಾರಿಸ್ಸಿನ ಅಂಗಡಿಗಳನ್ನೆಲ್ಲ ಅರಸಿದರೂ ಅದು ದೊರೆಯಲಿಲ್ಲವಾಗಿ, ಕ್ಲಾಪೇರೋನನು ಅದರ ಮೇಲೆ ಬರೆದ ಪ್ರಬಂಧದಿಂದಲೇ ಅದರ ಸಾರವನ್ನು ಗ್ರಹಿಸಬೇಕಾಯಿತು. ಆ ಸಾರವಾದರೂ ಮಹತ್ತರವಾದುದು: ಆದರ್ಶಯಂತ್ರವೊಂದು ಉಷ್ಣದಿಂದ ಎಷ್ಟು ಕೆಲಸವನ್ನು ಪಡೆಯಬಲ್ಲುದೆಂಬುದು ಅದರೊಳಗಣ ಪದಾರ್ಥವು ಉಗಿಯೋ ಗಾಳಿಯೋ ಎಂಬುದನ್ನು ಅವಲಂಬಿಸದೆ, ಅದರ ಬಿಸಿಯ ತುದಿ ಮತ್ತು ತಂಪಿನ ತುದಿಗಳ ತಾಪಗಳನ್ನು ಮಾತ್ರವೇ ಅವಲಂಬಿಸುತ್ತದೆ. ಪಾದರಸದ ತಾಪಮಾಪಕವು ಪಾದರಸದ ಸ್ವಭಾವಕ್ಕೆ, ಮದ್ಯಸಾರದ್ದು ಮದ್ಯಸಾರದ ಸ್ವಭಾವಕ್ಕೆ ಕಟ್ಟುಬಿದ್ದಿರುವಾಗ, ಯಾವ ಪದಾರ್ಥದ ಹಂಗೂ ಇಲ್ಲದ ಮಾನವೊಂದನ್ನು ಕಾರ್ನೋನ ಯಂತ್ರದಿಂದಲೇ ಏಕೆ ಕಟ್ಟಬಾರದು ಎಂದು ಥಾಮ್ಸನನು 1848ರಲ್ಲಿ ಕೇಳಿದನು.

ಒಂದು ಸಂಗತಿಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನನಗೆ ಅದು ಈ ಕಥೆಯಲ್ಲೆಲ್ಲ ಅತ್ಯಂತ ರಸವತ್ತಾದ ಭಾಗವಾಗಿ ತೋರುತ್ತದೆ. 1848ರಲ್ಲಿ ಥಾಮ್ಸನನು ಸೂಚಿಸಿದ ಮಾನವು ಇಂದು ಆತನ ಹೆಸರಿನಿಂದ ನಡೆಯುತ್ತಿರುವ ಮಾನವಲ್ಲ. ಒಂದು ಪ್ರಮಾಣ ಉಷ್ಣವು ಒಂದು ಡಿಗ್ರಿಯಷ್ಟು ಕೆಳಗಿಳಿದಾಗ, ಮಾನದ ಯಾವ ಎಡೆಯಲ್ಲಿಯೇ ಆಗಲಿ, ಒಂದೇ ಪ್ರಮಾಣದ ಕೆಲಸವು ದೊರೆಯಬೇಕೆಂದು ಆಗ ಆತನು ನಿಯಮ ಮಾಡಿದನು. ಪದಾರ್ಥನಿರಪೇಕ್ಷತೆಯಲ್ಲಿ ಈ ಮಾನಕ್ಕೆ ಕೊರತೆಯಿರಲಿಲ್ಲ. ಆದರೆ ಇದರಲ್ಲಿ ತಳವೇ ಇಲ್ಲ. ಗಾಳಿಯ ಮಾಪಕದ ಸೊನ್ನೆಯ ಕೆಳಗಣ 273ನೆಯ ಡಿಗ್ರಿಯು ಈ ಮಾನದಲ್ಲಿ ಅನಂತವಾಗಿ ಕೆಳಗೆ ಸರಿದುಹೋಗಿ, ಎಷ್ಟು ಇಳಿದರೂ ಇನ್ನಷ್ಟು ಡಿಗ್ರಿಗಳು ಉಳಿದೇ ಇರುವುವು. ಉಷ್ಣವೂ ಕೆಲಸವೂ ಪರಸ್ಪರ ರೂಪಾಂತರ ಹೊಂದುವುವೆಂಬ ಜೂಲ್‌ನ ಸಿದ್ಧಾಂತವನ್ನು ಒಪ್ಪಿಕೊಂಡ ಮೇಲೆ, ಜೂಲ್‌ನೊಡನೆ ಕೂಡಿಯೇ 1854ರಲ್ಲಿ ಥಾಮ್ಸನನು ಮಾನವನ್ನು ಹೊಸದಾಗಿ ನಿರ್ವಚಿಸಿದನು: ಆದರ್ಶಯಂತ್ರವು ತೆಗೆದುಕೊಂಡ ಉಷ್ಣಕ್ಕೂ ಹೊರಗೆ ಬಿಟ್ಟ ಉಷ್ಣಕ್ಕೂ ಯಾವ ಪ್ರಮಾಣವಿದೆಯೋ ಅದೇ ಪ್ರಮಾಣವು ಎರಡು ತಾಪಗಳಿಗೂ ಇರತಕ್ಕದ್ದು. ಈ ನಿರ್ವಚನದಲ್ಲಿ ತಳವಿದೆ, ಮತ್ತು ಆ ತಳವು ಅನಿಲಗಳು ಬೆರಳು ಮಾಡಿ ತೋರಿಸಿದ್ದ ಸ್ಥಳದಲ್ಲಿಯೇ ಇದೆ. ಆತನ ಹಳೆಯ ಮಾನದಿಂದ ಹೊಸ ಮಾನಕ್ಕೆ ಪರಿವರ್ತಿಸಬೇಕಾದರೆ ಗುಣಾಕಾರವಾಗಲಿ ಸಂಕಲನವಾಗಲಿ ಸಾಲದು, ಲಾಗರಿದಮ್ಮೇ ಬೇಕು. ತನ್ನ ಮೊದಲಿನ ಕಲ್ಪನೆಯನ್ನು ಆರೇ ವರ್ಷಗಳಲ್ಲಿ ತಾನೇ ಬದಿಗಿಟ್ಟು ಇದಕ್ಕೆ ಬಂದುದರಲ್ಲಿ ಆ ತರುಣನ ಮನಸ್ಸಿನ ದೊಡ್ಡತನವಿದೆಯೆಂದು ನಾನು ತಿಳಿದಿದ್ದೇನೆ. ವಿಶ್ವವಿದ್ಯಾನಿಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ಎಂಬ ಸಣ್ಣ ನದಿಯ ಹೆಸರನ್ನು ಆತನು 1892ರಲ್ಲಿ ಪ್ರಭುಪದವಿಯೊಡನೆ ಧರಿಸಿದನು. ನದಿಯ ಹೆಸರು ಹಾಗೆ ಮಾನಕ್ಕೂ ಬಂದಿತು.

ಕಾರ್ನೋನ ಮೂಲಗ್ರಂಥದ ಪ್ರತಿಯೊಂದು ಕೊನೆಗೂ ಥಾಮ್ಸನನ ಕೈಗೆ ಬಂದುದು ಗ್ಲಾಸ್ಗೋವಿನಲ್ಲಿಯೇ, ಅಲ್ಲಿಯ ಎಂಜಿನಿಯರಿಂಗ್ ಪ್ರಾಧ್ಯಾಪಕ ಲೂಯಿಸ್ ಗಾರ್ಡನ್ನನ ಸೌಜನ್ಯದಿಂದ. ಆ ಗಾರ್ಡನ್ನನು ಪೀಠವನ್ನು ಬಿಟ್ಟಾಗ 1855ರಲ್ಲಿ ಅದಕ್ಕೆ ಬಂದವನೇ ವಿಲಿಯಂ ಜಾನ್ ಮಾಕ್ವಾರ್ನ್ ರ‍್ಯಾಂಕಿನ್. ಎಡಿನ್‌ಬರೋದಲ್ಲಿ ಹುಟ್ಟಿದ ಈತನು ರೈಲುಮಾರ್ಗಗಳ ಕೆಲಸದಲ್ಲಿ ಪಳಗಿದ ಎಂಜಿನಿಯರನು. ಉಗಿಯಂತ್ರವನ್ನು ಕುರಿತು 1859ರಲ್ಲಿ ಪ್ರಕಟಿಸಿದ ಕೈಪಿಡಿಯು ತಲೆಮಾರುಗಳ ಕಾಲ ಎಂಜಿನಿಯರುಗಳ ಮೇಜಿನ ಮೇಲಿತ್ತು. ಬ್ರಿಟಿಷ್ ಕಾರ್ಖಾನೆಗಳ ಕೆಲಸಗಾರನು ಅಡಿ, ಪೌಂಡು, ಫ್ಯಾರನ್‌ಹೀಟುಗಳಲ್ಲಿ ಬದುಕುತ್ತಿದ್ದನು. ಅವನ ಕೋಷ್ಟಕಗಳನ್ನೆಲ್ಲ ಕೆಡವದೆ, ಅವನ ಡಿಗ್ರಿಯನ್ನು ಹಾಗೆಯೇ ಉಳಿಸಿಕೊಂಡು, ಸೊನ್ನೆಯೊಂದನ್ನು ಮಾತ್ರ ತಳಕ್ಕೆ ಒಯ್ದುದು ರ‍್ಯಾಂಕಿನ್ ಮಾನದ ವಿಶೇಷ. ಒಂದೇ ವಿಶ್ವವಿದ್ಯಾನಿಲಯದಲ್ಲಿ ಒಬ್ಬನು ಪ್ರಕೃತಿತತ್ತ್ವವನ್ನೂ ಮತ್ತೊಬ್ಬನು ಯಂತ್ರಶಾಸ್ತ್ರವನ್ನೂ ಬೋಧಿಸುತ್ತ, ಒಂದೇ ತಳದಿಂದ ಎರಡು ಅಳತೆಗೋಲುಗಳನ್ನು ಮೇಲಕ್ಕೆತ್ತಿದರೆಂಬುದು ಚರಿತ್ರೆಯ ಒಂದು ಸುಂದರ ಯೋಗ. ಅಮೆರಿಕದ ಎಂಜಿನಿಯರಿಂಗ್ ಗ್ರಂಥಗಳಲ್ಲಿ ರ‍್ಯಾಂಕಿನ್ನನ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ.

ಇನ್ನು ಪರಿವರ್ತನೆಯ ವಿಷಯ. ಸೆಲ್ಸಿಯಸ್ ಅಂಕಿಗೆ 273.15ನ್ನು ಕೂಡಿಸಿದರೆ ಕೆಲ್ವಿನ್, ಫ್ಯಾರನ್‌ಹೀಟ್ ಅಂಕಿಗೆ 459.67ನ್ನು ಕೂಡಿಸಿದರೆ ರ‍್ಯಾಂಕಿನ್. ಎರಡನೆಯ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ, 273.15ನ್ನು ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿದರೆ 491.67, ಅದರಿಂದ 32ನ್ನು ಕಳೆದರೆ 459.67. ಆದರೆ ಕೆಲ್ವಿನ್ನಿನಿಂದ ರ‍್ಯಾಂಕಿನ್ನಿಗೆ ಹೋಗುವಾಗ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ, 1.8ರಿಂದ ಗುಣಿಸಿದರೆ ಮುಗಿಯಿತು. ಜ್ವರವಿಲ್ಲದ ಮನುಷ್ಯನ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್, ಅರ್ಥಾತ್ 310.15 ಕೆಲ್ವಿನ್, ಇದನ್ನು 1.8ರಿಂದ ಗುಣಿಸಿದರೆ 558.27. ಅದೇ ಮೈಬಿಸಿಯನ್ನು ವೈದ್ಯರು ಹೇಳುವ 98.6 ಫ್ಯಾರನ್‌ಹೀಟಿನಿಂದ ಹೊರಟು 459.67ನ್ನು ಕೂಡಿಸಿ ನೋಡಿರಿ, ಪುನಃ 558.27.

ನಮ್ಮ ಶಾಲಾಬಾಲಕರ ವಿವಾದವನ್ನೂ ಈಗ ತೀರಿಸಬಹುದು. ರಾಯಚೂರು 313.15 ಕೆಲ್ವಿನ್, ಮಡಿಕೇರಿ 293.15, ಭಾಗಿಸಿದರೆ 1.068. ರ‍್ಯಾಂಕಿನ್ನಿನಲ್ಲಿ 563.67 ಮತ್ತು 527.67; ಭಾಗಿಸಿದರೆ ಅದೇ 1.068. ಬೆಂಕಿಯಂತಹ ರಾಯಚೂರಿನ ಬಿಸಿಲು ಮಡಿಕೇರಿಯ ತಂಪಿಗಿಂತ ನೂರಕ್ಕೆ ಏಳರಷ್ಟು ಮಾತ್ರವೇ ಅಧಿಕವೆಂದರೆ ರಾಯಚೂರಿನವರು ಒಪ್ಪಲಾರರು. ಆದರೆ ಗಾಳಿಯು ಒಪ್ಪುತ್ತದೆ. ಮಡಿಕೇರಿಯಲ್ಲಿ ಬಿಗಿಯಾಗಿ ಮುಚ್ಚಿದ ಉಕ್ಕಿನ ಸೀಸೆಯೊಳಗಣ ಗಾಳಿಯು ರಾಯಚೂರಿನ ತಾಪಕ್ಕೆ ಬಂದಾಗ ಅದರ ಒತ್ತಡವು ಏರುವುದು ಇಮ್ಮಡಿಯಾಗಿ ಅಲ್ಲ, ಒಂದೂವರೆಯಷ್ಟಾಗಿಯೂ ಅಲ್ಲ, ಈ ನೂರಕ್ಕೆ ಏಳರಷ್ಟೇ.

ಯಂತ್ರದ ಲೆಕ್ಕದಲ್ಲಿ ಇದರ ಫಲ ಇನ್ನೂ ಗಂಭೀರವಾದುದು. 200 ಡಿಗ್ರಿ ಸೆಲ್ಸಿಯಸ್ಸಿನ ಉಗಿಯನ್ನು ತೆಗೆದುಕೊಂಡು 40 ಡಿಗ್ರಿಯಲ್ಲಿ ಉಷ್ಣವನ್ನು ಹೊರಬಿಡುವ ಆದರ್ಶಯಂತ್ರವೊಂದಿದೆಯೆನ್ನೋಣ. ತಂಪಿನ ತುದಿಯ ತಾಪವನ್ನು ಬಿಸಿಯ ತುದಿಯ ತಾಪದಿಂದ ಭಾಗಿಸಿ ಒಂದರಿಂದ ಕಳೆದರೆ ಅದರ ದಕ್ಷತೆ ದೊರೆಯುವುದು. ಸೆಲ್ಸಿಯಸ್ ಅಂಕಿಗಳನ್ನೇ ಹಾಕಿದವನಿಗೆ ನೂರಕ್ಕೆ 80 ದೊರೆತು ಅವನು ಹಿಗ್ಗುವನು. ಫ್ಯಾರನ್‌ಹೀಟಿನ 392 ಮತ್ತು 104ನ್ನು ಹಾಕಿದವನಿಗೆ 73 ದೊರೆಯುವುದು. ಎರಡೂ ಭ್ರಾಂತಿ. 473.15 ಮತ್ತು 313.15 ಕೆಲ್ವಿನ್ನುಗಳಿಂದ ಬರುವ ಉತ್ತರ ನೂರಕ್ಕೆ 34ಕ್ಕೆ ಸ್ವಲ್ಪ ಕಡಮೆ, ರ‍್ಯಾಂಕಿನ್ನಿನ 851.67 ಮತ್ತು 563.67ರಿಂದ ಬರುವುದೂ ಅಕ್ಷರಶಃ ಅದೇ. ಮೇಲೂ ಕೆಳಗೂ ಇರುವ 1.8 ಪರಸ್ಪರ ಹೊಡೆದುಹೋಗುವುದರಿಂದ ಉತ್ತರಕ್ಕೆ ಯಾವ ಮಾನದ ಸೋಂಕೂ ತಗಲದು. ಕಲ್ಲಿದ್ದಲನ್ನು ಸುಟ್ಟು ಎಷ್ಟು ಕೆಲಸ ತೆಗೆಯಬಹುದೆಂಬ ಮಿತಿಯನ್ನು ವಿಧಿಸುವ ಲೆಕ್ಕ ಇದಾದುದರಿಂದ, ಇಲ್ಲಿ ಮಾನದ ಆಯ್ಕೆ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನೊಂದು ತೊಡಕನ್ನೂ ಹೇಳಬೇಕು, ಏಕೆಂದರೆ ಓದುಬರಹ ಬಲ್ಲವರೂ ಇದರಲ್ಲಿ ಎಡವುತ್ತಾರೆ. ಭೂಮಂಡಲದ ತಾಪವು 1.5 ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಬಾರದೆಂದು ಲೋಕವೆಲ್ಲ ಚಿಂತಿಸುತ್ತಿರುವ ಈ ದಿನಗಳಲ್ಲಿ, ಆ 1.5ನ್ನು ಫ್ಯಾರನ್‌ಹೀಟಿಗೆ ತರುವಾತನು ಶಾಲೆಯ ಸೂತ್ರವನ್ನೇ ನಂಬಿ ಕೊನೆಯ 32ನ್ನೂ ಕೂಡಿಸಿದರೆ 34.7 ಡಿಗ್ರಿಗಳ ಏರಿಕೆಯೆಂಬ ಭಯಂಕರವಾದ ಉತ್ತರ ಬರುವುದು. ನಿಜವಾದ ಉತ್ತರ 2.7. ತಾಪವು ಬೇರೆ, ತಾಪಗಳ ಅಂತರವು ಬೇರೆ. ಅಂತರಕ್ಕೆ ಸೋಪಾನದ ಗೊಡವೆಯಿಲ್ಲವಾಗಿ ಅಲ್ಲಿ ಗುಣಾಕಾರ ಮಾತ್ರ ಸಲ್ಲತಕ್ಕದ್ದು. ನಿರಪೇಕ್ಷ ಮಾನಗಳಲ್ಲಿ ಈ ಬಲೆಯೇ ಇಲ್ಲ. 1.5 ಕೆಲ್ವಿನ್ನುಗಳ ಏರಿಕೆಯಾದರೂ, 1.5 ಕೆಲ್ವಿನ್ನಿನಲ್ಲಿರುವ ದ್ರವ ಹೀಲಿಯಮ್ಮಾದರೂ, ರ‍್ಯಾಂಕಿನ್ನಿನಲ್ಲಿ 2.7ರಿಂದಲೇ ಹೇಳಲ್ಪಡುವುದು. ಸೊನ್ನೆಯು ನಿಜವಾದ ಸೊನ್ನೆಯಾಗಿದ್ದಲ್ಲಿ ಪ್ರತಿಯೊಂದು ತಾಪವೂ ಆ ಸೊನ್ನೆಯಿಂದ ಇರುವ ಅಂತರವೇ ಆದುದರಿಂದ, ಎರಡಕ್ಕೂ ಬೇರೆ ಬೇರೆ ನಿಯಮಗಳು ಬೇಕಾಗುವುದಿಲ್ಲ.

ತಳವು ಸ್ಥಿರವಾದ ಮೇಲೆ ಅಳತೆಗೋಲಿನ ಉದ್ದವನ್ನು ಗೊತ್ತುಮಾಡಲು ಮೇಲೆ ಇನ್ನೊಂದೇ ಗುರುತು ಸಾಕು. 1954ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು ನೀರು, ಮಂಜು, ಆವಿಗಳು ಮೂರೂ ಏಕತ್ರ ಸಮಸ್ಥಿತಿಯಲ್ಲಿರುವ ತ್ರಿಕಬಿಂದುವನ್ನು ಆರಿಸಿ, ಅದಕ್ಕೆ 273.16 ಕೆಲ್ವಿನ್ ಎಂಬ ಬೆಲೆಯನ್ನು ಕೊಟ್ಟಿತು. ಈ ಬಿಂದುವನ್ನು ಹಿಡಿದಿಡುವ ಗಾಜಿನ ಪಾತ್ರೆಯು ನೋಡತಕ್ಕ ವಸ್ತು. ಉದ್ದನೆಯ ಕೊಳವೆಯೊಂದು, ಅದರ ನಡುವೆ ಮೇಲಿನಿಂದ ಇಳಿಬಿಟ್ಟ, ಬಾವಿಯಂತಹ ಸಣ್ಣ ಕೊಳವೆ, ಎರಡರ ನಡುವೆ ಗಾಳಿಯ ಸುಳಿವೂ ಇಲ್ಲದಂತೆ ಮುದ್ರೆ ಮಾಡಿದ ಶುದ್ಧೋದಕ. ಪಾತ್ರೆಯನ್ನು ಮೆಲ್ಲನೆ ಓರೆ ಮಾಡಿದರೆ ನೀರು ಗಾಜಿಗೆ ತಾಗಿ ಟಕ್ಕೆಂದು ಲೋಹದಂತೆ ಸದ್ದು ಮಾಡುವುದು. ಒಳಗೆ ಗಾಳಿಯಿದ್ದರೆ ಆ ಸದ್ದು ಮಂದವಾಗುವುದು. ಒಳಗಣ ಬಾವಿಯಲ್ಲಿ ಘನೀಭೂತ ಇಂಗಾಲಾಮ್ಲವನ್ನು ತುಂಬಿದರೆ ಅದರ ಹೊರಸುತ್ತಿಗೆ ಮಂಜಿನ ಕವಚವೊಂದು ಬೆಳೆಯುತ್ತದೆ. ಅನಂತರ ಸ್ವಲ್ಪ ಬೆಚ್ಚಗಿನ ಸಲಾಕಿಯೊಂದನ್ನು ಕ್ಷಣಕಾಲ ಬಾವಿಯಲ್ಲಿಟ್ಟು ತೆಗೆದರೆ ಗಾಜಿಗೆ ಅಂಟಿದ ಮಂಜು ಎಳೆಯಷ್ಟು ಕರಗುವುದು. ಪಾತ್ರೆಯನ್ನು ತಿರುವಿದಾಗ ಮಂಜಿನ ಕವಚವು ಬಾವಿಯ ಸುತ್ತ ಬಿಡಿಯಾಗಿ ತಿರುಗಿದರೆ ಎಲ್ಲವೂ ಸಿದ್ಧವಾದಂತೆ. ಆಗ ಬಾವಿಯೊಳಗಿಟ್ಟ ತಾಪಮಾಪಕವು ಅನುಭವಿಸುವ ತಾಪವು 273.16 ಕೆಲ್ವಿನ್, ಅಂದರೆ 491.688 ಡಿಗ್ರಿ ರ‍್ಯಾಂಕಿನ್.

2019ರ ಮೇ 20ರಿಂದ ಕೆಲ್ವಿನ್ನಿನ ನಿರ್ವಚನವು ನೀರಿನ ಆಶ್ರಯವನ್ನೂ ಬಿಟ್ಟು, ಅಣುಗಳ ಚಲನೆಯ ಶಕ್ತಿಯನ್ನು ತಾಪಕ್ಕೆ ಬೆಸೆಯುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತಿದೆ. ಆ ಸ್ಥಿರಾಂಕದ ಬೆಲೆಯನ್ನು ಕೆಲ್ವಿನ್ನಿಗೆ 1.380649 × 10⁻²³ ಜೂಲ್ ಎಂದು ವಿಧಿಸಲಾಗಿದೆ. ಥಾಮ್ಸನನು ಇಪ್ಪತ್ತನಾಲ್ಕರ ಹರೆಯದಲ್ಲಿ ಬಯಸಿದ ಪದಾರ್ಥನಿರಪೇಕ್ಷತೆಯು ಹೀಗೆ 171 ವರ್ಷಗಳ ಬಳಿಕ ಪೂರ್ಣವಾಗಿ ಕೈಗೂಡಿತು. ರ‍್ಯಾಂಕಿನ್ನನ ಡಿಗ್ರಿಯು ಈಗ ಕೆಲ್ವಿನ್ನಿನ ಒಂಬತ್ತರಲ್ಲಿ ಐದು ಪಾಲೆಂಬುದರಿಂದ ಅದಕ್ಕೆ ಬೇರೆ ನಿರ್ವಚನದ ಅಗತ್ಯವಿಲ್ಲ.

ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಸೊನ್ನೆಯ ಕೆಳಗಣ 40ರಲ್ಲಿ ಒಂದೇ ಅಂಕಿಯನ್ನು ತೋರಿಸುವುವೆಂಬುದು ಬಹುಮಂದಿಗೆ ತಿಳಿದ ಮಾತು. ಕೆಲ್ವಿನ್ನೂ ರ‍್ಯಾಂಕಿನ್ನೂ ಕೂಡುವುದು ಸೊನ್ನೆಯೊಂದರಲ್ಲಿಯೇ. ಅಲ್ಲಿಗೆ ಯಾವ ವಸ್ತುವನ್ನೂ ಮುಟ್ಟಿಸಲಾಗದೆಂಬುದು ನರ್ನ್‌ಸ್ಟನ ನಿಯಮದಿಂದ ಸಿದ್ಧವಾದುದು. ಸಮೀಪಕ್ಕೆ ಹೋಗಲು ಮಾತ್ರ ಅಡ್ಡಿಯಿಲ್ಲ. ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸನು 1908ರಲ್ಲಿ ಹೀಲಿಯಮ್ಮನ್ನು ದ್ರವ ಮಾಡಿದುದು ಸುಮಾರು 4.2 ಕೆಲ್ವಿನ್ನಿನಲ್ಲಿ. ನಮ್ಮ ಸತ್ಯೇಂದ್ರನಾಥ ಬೋಸರ 1924ರ ಗಣಿತವನ್ನು ಮುಂದುವರಿಸಿ ಐನ್‌ಸ್ಟೈನರು ಮುನ್ಸೂಚಿಸಿದ್ದ ದ್ರವ್ಯಸ್ಥಿತಿಯು 1995ರಲ್ಲಿ ಅಮೆರಿಕದ ಬೌಲ್ಡರ್ ಪಟ್ಟಣದ ಪ್ರಯೋಗಶಾಲೆಯಲ್ಲಿ, ರುಬಿಡಿಯಮ್ ಪರಮಾಣುಗಳು ಸುಮಾರು 0.00000017 ಕೆಲ್ವಿನ್ನಿಗೆ ಇಳಿದಾಗ, ಮೊದಲು ಗೋಚರವಾಯಿತು. ಇದನ್ನು ಸೆಲ್ಸಿಯಸ್ಸಿನಲ್ಲಿ ಬರೆಯಹೊರಟರೆ −273.14999983 ಎಂದಾಗಿ, ಆ ಪ್ರಯೋಗದ ಸಾಧನೆಯೆಲ್ಲವೂ ಕೊನೆಯ ಎರಡು ಅಂಕಿಗಳಲ್ಲಿ ಅಡಗಿಬಿಡುವುದು. ರ‍್ಯಾಂಕಿನ್ನಿನಲ್ಲಿ ಬರೆಯಬೇಕಾದರೆ 17ನ್ನು 1.8ರಿಂದ ಗುಣಿಸಿರಿ: 0.000000306.